ಆರು ವಾರದಲ್ಲಿ ಇಡೀ ವರ್ಷದ ಖರೀದಿ: ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಬಿಸಿನೆಸ್

ನಮ್ಮ ಕಡೆ ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಪರಿಮಳದ ಎಳೆ ಮಾವಿನಕಾಯಿ, ಅದರ ಸೀಸನ್ ಹೆಚ್ಚು ಕಡಿಮೆ ಆರು ವಾರ. ಫೆಬ್ರವರಿ ಕೊನೆಗೆ ಶುರುವಾದ್ರೆ ಏಪ್ರಿಲ್ ಮಧ್ಯಕ್ಕೆ ಮುಗಿದೇ ಹೋಗುತ್ತೆ, ಒಂದು ಮರದ ಲೆಕ್ಕ ಹಿಡಿದ್ರೆ ಇನ್ನೂ ಕಡಿಮೆ, ಮಿಡಿ ಹದಕ್ಕೆ ಬಂದ ಮೇಲೆ ಎಂಟು ಹತ್ತು ದಿನ ಅಷ್ಟೇ, ಆಮೇಲೆ ಒಳಗೆ ಗೊರಟು ಕಟ್ಟೋಕೆ ಶುರುವಾಗುತ್ತೆ, ಗೊರಟು ಕಟ್ಟಿದ್ದು ಉಪ್ಪಿನಕಾಯಿಗೆ ಬರಲ್ಲ. ಆ ಆರು ವಾರದಲ್ಲಿ ವರ್ಷ ಪೂರ್ತಿ ಮಾರೋ ಮಾಲು ತಗೊಂಡು ಉಪ್ಪಿಗೆ ಹಾಕಿಬಿಡ್ಬೇಕು. ದುಡ್ಡು ಆರು ವಾರದಲ್ಲಿ ಕೈಬಿಟ್ಟು ಹೋಗುತ್ತೆ, ಪೂರ್ತಿ ವಾಪಸ್ ಬರೋಕೆ ಒಂದು ವರ್ಷದ ಮೇಲೇ ಬೇಕು. ಈ ಕೆಲಸಕ್ಕೆ ಇಳೀಬೇಕು ಅನ್ನೋರು ಬ್ರಾಂಡ್ ಹೆಸರು, ಲೋಗೋ, ಇನ್‌ಸ್ಟಾಗ್ರಾಮ್ ಪೇಜು ಇವೆಲ್ಲಕ್ಕಿಂತ ಮುಂಚೆ ಇದೊಂದನ್ನ ಯೋಚನೆ ಮಾಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಮುಂದಿನ ಎಲ್ಲ ತೀರ್ಮಾನಗಳೂ, ಸಾಲ ಎಷ್ಟು ತಗೋಬೇಕು, ಯಾರಿಗೆ ಉದ್ರಿ ಕೊಡ್ಬೇಕು, ರೇಟ್ ಎಷ್ಟಿಡ್ಬೇಕು ಎಲ್ಲ, ಈ ಆರು ವಾರದ ಮೇಲೇ ನಿಂತಿರುತ್ತೆ.

ನಾನು ಸಾಗರ ತಾಲೂಕಿನವಳು. ಮೊದಲು ಸೊಸೈಟಿಯಲ್ಲಿ ಲೆಕ್ಕ ಬರೀತಿದ್ದೆ. ಮನೇಲಿ ಸ್ವಲ್ಪ ಅಡಿಕೆ ತೋಟ ಇದೆ, ಅದರಲ್ಲೇ ಸಂಸಾರ ನಡೀತಿತ್ತು. 2019ರಲ್ಲಿ ಅತ್ತೆ ಮಾಡೋ ಉಪ್ಪಿನಕಾಯಿನ ಬೆಂಗಳೂರಲ್ಲಿರೋ ನೆಂಟರಿಗೆ, ಅವರ ಆಫೀಸಿನವರಿಗೆ ಅಂತ ಮಾಡಿ ಕಳಿಸೋಕೆ ಶುರು ಮಾಡಿದ್ವಿ. 2020ರಲ್ಲಿ ಮಾರ್ಚ್ ಕೊನೆ ವಾರ ಲಾಕ್‌ಡೌನ್ ಬಂತಲ್ಲ, ಸರಿಯಾಗಿ ಮಿಡಿ ಹದಕ್ಕೆ ಬಂದಿದ್ದ ಹೊತ್ತು ಅದು. ಪೇಟೆ ಬಂದ್, ಹೊರಗಿನ ವ್ಯಾಪಾರಿಗಳು ಬರಂಗಿಲ್ಲ, ನಮ್ಮ ಸುತ್ತಮುತ್ತ ಎಷ್ಟೋ ಮರದ ಮಿಡಿ ಹಾಗೇ ಬಲಿತು ಹೋಯ್ತು. ನಾವು ನಡ್ಕೊಂಡು ಹೋಗೋ ದೂರದಲ್ಲಿರೋ ಮರಗಳದ್ದನ್ನೆಲ್ಲ ಕೇಳಿ ಕೇಳಿ ಕೊಯ್ಸಿ ಮನೇಲಿದ್ದ ಭರಣಿ ಎಲ್ಲ ತುಂಬ್ಸಿದ್ವಿ. ಆ ವರ್ಷ ಮಳೆಗಾಲ ಶುರುವಾದ ಮೇಲೆ ವಾಟ್ಸಾಪಲ್ಲಿ ಬಂದ ಆರ್ಡರ್ ನೋಡಿ ನನಗೆ ಇದು ಹವ್ಯಾಸವಾಗಿ ಉಳಿಯೋ ಕೆಲಸ ಅಲ್ಲ ಅಂತ ಗೊತ್ತಾಯ್ತು. ಆಮೇಲೆ ತೋಟಕ್ಕೆ ಎಲೆಚುಕ್ಕೆ ರೋಗ ಬಂತು, ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅದರ ಬಗ್ಗೆ ವಿವರಿಸಿ ಹೇಳ್ಬೇಕಾಗಿಲ್ಲ, ಫಸಲು ಅರ್ಧಕ್ಕಿಳಿದಾಗ ಸೊಸೈಟಿ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂತೆ.

ಮೊದಲು ಮಿಡಿ ಬಗ್ಗೆ ಹೇಳ್ತೀನಿ, ಏಕೆಂದರೆ ಗೊತ್ತಿಲ್ಲದೋರು ಎಲ್ಲ ಮಾವಿನ ಮಿಡಿನೂ ಒಂದೇ ಅಂದ್ಕೊಂಡಿರ್ತಾರೆ. ಅಪ್ಪೆ ಮರಗಳು ಬಹುತೇಕ ಕಾಡಿನ ಮರಗಳು, ಶರಾವತಿ, ಅಘನಾಶಿನಿ, ವರದಾ, ಕುಮುದ್ವತಿ ಈ ಹೊಳೆಗಳ ದಂಡೇಲಿ, ಹಳ್ಳದ ಬದೀಲಿ, ಬೆಟ್ಟದಲ್ಲಿ ತಾವೇ ಹುಟ್ಟಿ ಬೆಳೆದಿದ್ದು. ಬೀಜದಿಂದ ಹುಟ್ಟಿದ್ದರಿಂದ ಒಂದು ಮರದ ಹಾಗೆ ಇನ್ನೊಂದಿರಲ್ಲ. ಒಂದರ ಸೊನೆ ಜೀರಿಗೆ ವಾಸನೆ ಬರುತ್ತೆ, ಇನ್ನೊಂದು ಕರ್ಪೂರ, ಒಂದು ಉದ್ದ, ಒಂದು ಗುಂಡ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಅಂತ ಮರಕ್ಕೇ ಹೆಸರು ಬಿದ್ದು ಪ್ರಸಿದ್ಧಿ ಆಗಿರೋವೂ ಇವೆ. ಅಪ್ಪೆಮಿಡಿಗೆ ಜಿಐ, ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆನೂ ಸಿಕ್ಕಿದೆ, ಆದ್ರೆ ನೆನಪಿಡಿ, ಜಿಐ ಲೋಗೋ ಹಾಕ್ಕೋಬೇಕು ಅಂದ್ರೆ ಚೆನ್ನೈನಲ್ಲಿರೋ ಜಿಐ ರಿಜಿಸ್ಟ್ರಿಯಲ್ಲಿ ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸ್ಕೊಂಡಿರ್ಬೇಕು, ಸುಮ್ನೆ ಲೇಬಲ್ಲಿಗೆ ಹಾಕಂಗಿಲ್ಲ.

ಮಿಡಿ ಸಿಗೋದು ಎರಡು ಕಡೆಯಿಂದ. ಒಂದು ಪೇಟೆ, ನಮ್ಮ ಕಡೆ ರಿಪ್ಪನ್‌ಪೇಟೆ ಮಿಡಿ ವ್ಯಾಪಾರಕ್ಕೆ ಹೆಸರುವಾಸಿ, ಸೀಸನ್‌ನಲ್ಲಿ ಅಲ್ಲಿ ಗೋಣಿಚೀಲ, ಬುಟ್ಟಿ ಇಟ್ಕೊಂಡು ಸಾಲಾಗಿ ಕೂತಿರ್ತಾರೆ, ನೂರರ ಲೆಕ್ಕ, ಸಾವಿರದ ಲೆಕ್ಕದಲ್ಲಿ ವ್ಯಾಪಾರ. ಬೆಳಿಗ್ಗೆ ಇದ್ದ ರೇಟು ಮಧ್ಯಾಹ್ನಕ್ಕಿರಲ್ಲ. ಇನ್ನೊಂದು, ನೇರ ಮರದಿಂದ. ನಾನು ಈಗ ಹೆಚ್ಚಿನಂಶ ಮರದಿಂದಲೇ ತಗೊಳ್ಳೋದು. ಪೇಟೆ ಮಿಡೀಲಿ ನಾಲ್ಕಾರು ಮರದ್ದು ಕಲೆತಿರುತ್ತೆ, ನೆಲಕ್ಕೆ ಬಿದ್ದಿದ್ದೂ ಇರುತ್ತೆ, ನಿನ್ನೆ ಕೊಯ್ದಿದ್ದೂ ಇರುತ್ತೆ. ಪೆಟ್ಟು ತಿಂದ ಮಿಡಿ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತೆ, ಉಪ್ಪಲ್ಲಿ ಮೂರು ನಾಲ್ಕು ತಿಂಗಳಾದ ಮೇಲೆ ಮೆತ್ತಗಾಗುತ್ತೆ, ಮೆತ್ತಗಾದ ಒಂದು ಮಿಡಿ ಬಾಯಿಗೆ ಸಿಕ್ಕಿದ್ರೆ ಗಿರಾಕಿ ಮತ್ತೆ ಬರಲ್ಲ. ಒಳ್ಳೆ ಅಪ್ಪೆಮಿಡಿ ವರ್ಷ ಕಳೆದ್ರೂ ಕಚ್ಚಿದಾಗ ಕರಕ್ ಅನ್ಬೇಕು.

ಹಾಗಾಗಿ ಮರ ಹತ್ತೋರು ನನ್ನ ಬಿಸಿನೆಸ್ಸಲ್ಲಿ ಎಲ್ಲರಿಗಿಂತ ಮುಖ್ಯ. ಅಪ್ಪೆ ಮರ ಅಂದ್ರೆ ಮನೆ ಹಿತ್ತಲ ಮಾವಿನ ಮರ ಅಲ್ಲ, ನೆಟ್ಟಗೆ ಎತ್ತರಕ್ಕೆ ಹೋಗಿರುತ್ತೆ, ಬುಡದಲ್ಲಿ ಕೊಂಬೆನೇ ಇರಲ್ಲ. ಹಗ್ಗ ಹಾಕಿ ಹತ್ತಿ, ದೋಟಿ ತುದೀಲಿ ಬಲೆ ಚೀಲ ಕಟ್ಟಿ ಗೊಂಚಲು ಗೊಂಚಲಾಗಿ ಕೊಯ್ದು, ಬುಟ್ಟೀಲಿ ಹಗ್ಗದಲ್ಲಿ ಇಳಿಸ್ಬೇಕು. ತೊಟ್ಟು ಒಂದು ಇಂಚಾದ್ರೂ ಬಿಟ್ಟೇ ಕೊಯ್ಬೇಕು, ಇಲ್ದಿದ್ರೆ ಸೊನೆ ಸೋರಿಹೋಗುತ್ತೆ, ಇಡೀ ಉಪ್ಪಿನಕಾಯಿಯ ಪರಿಮಳ ಇರೋದೇ ಆ ಸೊನೇಲಿ. ನಮಗೆ ಕೊಯ್ದು ಕೊಡೋ ಅಣ್ಣ ಒಬ್ರಿದ್ದಾರೆ, ಅವರು ಮರದ ಕೆಳಗೆ ನಿಂತು ಒಂದು ಮಿಡಿ ಕೊಯ್ಸಿ, ಉಗುರಲ್ಲಿ ಅಡ್ಡ ಸೀಳಿ ನೋಡಿ, ತೊಟ್ಟು ಮುರಿದು ಮೂಗಿಗೆ ಹಿಡಿದು ಹೇಳ್ಬಿಡ್ತಾರೆ, "ಅಮ್ಮ, ಇದು ಇನ್ನು ನಾಕು ದಿನ ಬಿಡಿ, ಸೊನೆ ಕೂತಿಲ್ಲ" ಅಂತ. ಅವರ ಎರಡೂ ಕೈ ಬೆರಳ ಮೇಲೆ, ಮೊಣಕೈ ತನಕ ಸೊನೆ ಸುಟ್ಟ ಕಪ್ಪು ಕಲೆಗಳಿವೆ, ಸೀಸನ್ ಮುಗಿದು ಎಷ್ಟೋ ದಿನ ಆದ್ರೂ ಹೋಗಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹತ್ತೋದು, ಆದ್ರೂ ಸುಡುತ್ತೆ.

ಇವರಿಗೆ ಕೊಡೋ ಕೂಲಿ ವಿಷಯದಲ್ಲಿ ನಾನು ಯಾವತ್ತೂ ಚೌಕಾಸಿ ಮಾಡಲ್ಲ. ಪೇಟೆಗೆ ಕೊಯ್ಯೋರಲ್ಲಿ ಕೆಲವರು ಬೇಗ ಮುಗೀಲಿ ಅಂತ ಕೊಂಬೆನೇ ಕಡಿದು ಕೆಳಗೆ ಹಾಕಿ ಆಮೇಲೆ ಕೂತ್ಕೊಂಡು ಬಿಡಿಸ್ಕೊಳ್ತಾರೆ. ಆ ಕೊಂಬೆ ಮತ್ತೆ ಚಿಗುರಿ ಹೂವು ಬಿಡೋಕೆ ವರ್ಷಗಳೇ ಬೇಕು, ಕೆಲವು ಮರ ಸತ್ತೇ ಹೋಗ್ತವೆ. ನಾನು ಕಣ್ಣಾರೆ ನೋಡಿದೀನಿ, ಹೊಳೆ ದಂಡೆಯ ಒಂದು ಒಳ್ಳೆ ಮರ ಎರಡು ಸೀಸನ್‌ನಲ್ಲಿ ಬೋಳಾಯ್ತು. ಅದಕ್ಕೆ ನಮ್ಮಲ್ಲಿ ಒಂದು ನಿಯಮ, ಕತ್ತಿ ತಗೊಂಡು ಮರ ಹತ್ತಂಗಿಲ್ಲ, ಅದರಿಂದ ಕೆಲಸ ನಿಧಾನ ಆಗುತ್ತಲ್ಲ, ಅದಕ್ಕೆ ಕೂಲಿ ಜಾಸ್ತಿ. ಮತ್ತೆ ಹತ್ತೋರೆಲ್ಲರಿಗೂ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡ್ಸಿದೀನಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಪ್ರಾಣ ಹೋದ್ರೆ 2 ಲಕ್ಷ, ಬ್ಯಾಂಕ್ ಖಾತೆ ಇದ್ರೆ ಸಾಕು. ಅದು ಸಾಲಲ್ಲ ಅಂತ ನನಗೂ ಗೊತ್ತು, ಬೇರೆ ಅಪಘಾತ ವಿಮೆನೂ ನೋಡ್ತಿದೀನಿ, ಆದ್ರೆ 20 ರೂಪಾಯಿದನ್ನೂ ಮಾಡ್ಸದೆ ಜನರನ್ನ ಮರ ಹತ್ಸೋರನ್ನ ನೋಡಿದ್ರೆ ಸಿಟ್ಟು ಬರುತ್ತೆ.

ಇನ್ನು ಉಪ್ಪು. ಇದು ಇಡೀ ಕೆಲಸದ ಜೀವ, ಸ್ವಲ್ಪ ವಿವರವಾಗೇ ಬರೀತೀನಿ. ಮಿಡಿ ಬಂದ ದಿನವೇ ತೊಳೆದು, ಬಟ್ಟೆ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ, ಆಮೇಲೆ ತೊಟ್ಟು ಮುರಿದು ತಕ್ಷಣ ಉಪ್ಪಿಗೆ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ನಮ್ಮ ಲೆಕ್ಕ ಹತ್ತು ಕೆಜಿ ಮಿಡಿಗೆ ಎರಡೂವರೆ ಕೆಜಿ ಉಪ್ಪು, ಅತ್ತೆ ಪಾವಿನ ಲೆಕ್ಕದಲ್ಲಿ ನಾಲ್ಕಕ್ಕೊಂದು ಅಂತಿದ್ರು, ಅದನ್ನೇ ತೂಕಕ್ಕೆ ತಂದಿದ್ದು. ಪುಡಿ ಉಪ್ಪು ಹಾಕ್ಬಾರ್ದು. ಎರಡನೇ ದಿನಕ್ಕೆ ಮಿಡಿ ನೀರು ಬಿಡೋಕೆ ಶುರು ಮಾಡುತ್ತೆ, ದಿನಾ ಒಂದು ಸಲ ಕೈಯಾಡಿಸ್ಬೇಕು, ಒದ್ದೆ ಕೈ ಅಲ್ಲ, ಒಣಗಿದ ಮರದ ಸೌಟು. ಹತ್ತು ಹನ್ನೆರಡು ದಿನಕ್ಕೆ ಮಿಡಿ ಸುಕ್ಕುಗಟ್ಟಿ ಚಿಕ್ಕದಾಗಿ ಅದರದ್ದೇ ಉಪ್ಪುನೀರಲ್ಲಿ ಮುಳುಗುತ್ತೆ. ಮುಳುಗಿರೋದು ಮುಖ್ಯ, ತೇಲಿದ ಮಿಡಿಗೆ ಗಾಳಿ ತಗುಲಿ ಮೇಲೆ ಬಿಳಿ ಪದರ ಕಟ್ಟುತ್ತೆ, ಅದಕ್ಕೆ ಮೇಲೆ ತೂಕ ಇಡೋದು. ಮನೇಲಿ ಭರಣಿಗೆ ತೊಳೆದ ಕಲ್ಲು ಇಡ್ತಿದ್ವಿ, ಈಗ ಡ್ರಮ್ಮಿಗೆ ಫುಡ್ ಗ್ರೇಡ್ ಪ್ಲಾಸ್ಟಿಕ್ಕಿನ ಜಾಲರಿ ತಟ್ಟೆ.

ಹೀಗೆ ಉಪ್ಪಲ್ಲಿ ಕೂತ ಮಿಡಿ ಎರಡು ವರ್ಷ ಆದ್ರೂ ಕೆಡಲ್ಲ, ಇದೇ ನಮ್ಮ ಗೋಡೌನು. ಮಸಾಲೆ ಹಾಕೋದು ಆರ್ಡರ್ ನೋಡ್ಕೊಂಡು, ತಿಂಗಳಿಗೆರಡು ಸಲ. ಇದು ತುಂಬ ಜನಕ್ಕೆ ಗೊತ್ತಿಲ್ಲ, ಸೀಸನ್‌ನಲ್ಲೇ ಎಲ್ಲಾನೂ ಉಪ್ಪಿನಕಾಯಿ ಮಾಡಿ ಬಾಟ್ಲಿಗೆ ತುಂಬಿಟ್ಟುಬಿಡ್ತಾರೆ ಅಂದ್ಕೊಂಡಿರ್ತಾರೆ. ಹಾಗೆ ಮಾಡಿದ್ರೆ ಸಾಸಿವೆಯ ಘಾಟು ಆರು ತಿಂಗಳಿಗೆ ಸತ್ತು ಹೋಗುತ್ತೆ, ಒಣಮೆಣಸಿನ ಬಣ್ಣ ಕಪ್ಪಾಗುತ್ತೆ, ಮೇಲಾಗಿ ಬಾಟ್ಲಿ, ಲೇಬಲ್, ಮಸಾಲೆ ಎಲ್ಲದರ ದುಡ್ಡೂ ಒಂದೇ ಸಲ ಸಿಕ್ಕಿಹಾಕ್ಕೊಳ್ಳುತ್ತೆ. ನಮ್ಮ ಮಸಾಲೇಲಿ ಎಣ್ಣೆ ಇಲ್ಲ, ಮಲೆನಾಡಿನ ಅಪ್ಪೆಮಿಡಿಗೆ ಎಣ್ಣೆ ಹಾಕಲ್ಲ. ಅದೇ ಉಪ್ಪುನೀರನ್ನ ಸೋಸಿ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು, ಅರಿಶಿನ, ಸ್ವಲ್ಪ ಜೀರಿಗೆ, ಇಂಗು ಹಾಕಿ ರುಬ್ಬೋದು. ಮೆಣಸು ಬ್ಯಾಡಗಿ ಮುಕ್ಕಾಲು ಪಾಲು ಬಣ್ಣಕ್ಕೆ, ಗುಂಟೂರು ಕಾಲು ಪಾಲು ಖಾರಕ್ಕೆ. ಸಾಸಿವೆ ರುಬ್ಬುವಾಗ ಗ್ರೈಂಡರ್ ಬಿಸಿ ಆಗ್ಬಾರ್ದು, ಬಿಸಿ ಆದ್ರೆ ಕಹಿ, ಅದಕ್ಕೆ ಬೆಳಗಿನ ಜಾವ ರುಬ್ಬೋದು, ನಿಲ್ಸಿ ನಿಲ್ಸಿ.

ಬ್ಯಾಡಗಿ ಮೆಣಸಿನ ರೇಟಿನ ಕಥೆ ಬೇರೇನೇ. ಒಂದು ವರ್ಷ ಕ್ವಿಂಟಲ್ಲಿಗೆ ಮುಟ್ಟೋಕಾಗದಷ್ಟು ಏರುತ್ತೆ, ಮರುವರ್ಷ ಇಳಿಯುತ್ತೆ. 2024ರ ಮಾರ್ಚಲ್ಲಿ ದರ ಕುಸಿದಾಗ ಬ್ಯಾಡಗಿ ಎಪಿಎಂಸೀಲಿ ರೈತರು ಸಿಟ್ಟಿಗೆದ್ದು ದೊಡ್ಡ ಗಲಾಟೆನೇ ಆಯ್ತು, ಎಲ್ಲರೂ ಟೀವೀಲಿ ನೋಡಿರ್ತೀರಿ. ನಮ್ಮಂಥ ಚಿಕ್ಕವರಿಗೆ ಇಳಿದಾಗ ಜಾಸ್ತಿ ತಗೊಂಡು ಇಡೋಣ ಅನ್ಸುತ್ತೆ, ಆದ್ರೆ ಮಲೆನಾಡಿನ ಮಳೆಗಾಲದಲ್ಲಿ ಮೆಣಸು ಇಡೋದು ಅಂದ್ರೆ ಬೂಜು ಕರೆದ ಹಾಗೆ. ನಾನು ಕೋಲ್ಡ್ ಸ್ಟೋರೇಜಿಂದ ಬರೋ ಒಬ್ರು ವ್ಯಾಪಾರಿ ಹತ್ರ ಮೂರು ತಿಂಗಳಿಗೊಮ್ಮೆ ತಗೊಳ್ತೀನಿ, ಸ್ವಲ್ಪ ದುಬಾರಿ ಆದ್ರೂ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸ್ತೀನಿ, ಜನ ಇದಕ್ಕೇ ಹೆಚ್ಚು ಹೆದರೋದು, ನಿಜವಾಗಿ ಇದು ಎಲ್ಲಕ್ಕಿಂತ ಸುಲಭದ್ದು. ಮೊದಲು ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ದಿಮೆ ಅಂತ ಸರಕಾರದಲ್ಲಿ ಹೆಸರು ಬರೆಸೋದು, ಆನ್‌ಲೈನಲ್ಲಿ ಆಧಾರ್ ಇಟ್ಕೊಂಡು ಮಾಡೋದು, ಪೈಸೆ ಖರ್ಚಿಲ್ಲ, ದುಡ್ಡು ಕೇಳೋ ವೆಬ್‌ಸೈಟ್ ಬಂದ್ರೆ ಅದು ಸರಕಾರದ್ದಲ್ಲ. ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ್ದು, ನಾನು ಮಾಡ್ಸಿದಾಗ ವರ್ಷಕ್ಕೆ 12 ಲಕ್ಷದ ಒಳಗೆ ವಹಿವಾಟು ಇರೋರಿಗೆ ಬರೀ ರಿಜಿಸ್ಟ್ರೇಷನ್, ವರ್ಷಕ್ಕೆ 100 ರೂಪಾಯಿ. ಅದರ ಮೇಲೆ ಹೋದ್ರೆ ಸ್ಟೇಟ್ ಲೈಸೆನ್ಸು ಬೇಕಿತ್ತು. 14 ಅಂಕಿಯ ನಂಬರ್ ಬರುತ್ತೆ, ಅದು ಲೇಬಲ್ ಮೇಲೆ ಇರ್ಲೇಬೇಕು. ಬ್ರಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್, ಉಪ್ಪಿನಕಾಯಿ ಬರೋದು 29ನೇ ಕ್ಲಾಸಲ್ಲಿ, ಚಿಕ್ಕ ಉದ್ದಿಮೆಗೆ ಆನ್‌ಲೈನ್ ಫೀಸು 4500 ರೂಪಾಯಿ. ಲೇಬಲ್‌ನಲ್ಲಿ ಹಸಿರು ಚುಕ್ಕೆ, ನಿವ್ವಳ ತೂಕ, ಎಂಆರ್‌ಪಿ, ಬ್ಯಾಚ್ ನಂಬರು, ತಯಾರಿಸಿದ ದಿನ, ಪೌಷ್ಟಿಕಾಂಶದ ಪಟ್ಟಿ, ದೂರು ಹೇಳೋಕೆ ಫೋನ್ ನಂಬರು ಎಲ್ಲ ಬೇಕು. ಪೌಷ್ಟಿಕಾಂಶಕ್ಕೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಕಳಿಸ್ಬೇಕು, ಜೊತೆಗೆ ಪಿಎಚ್, ಅಂದ್ರೆ ಹುಳಿಯ ಅಳತೆ ಕೂಡ ಮಾಡ್ಸಿ, ಹುಳಿ ಹೆಚ್ಚಿದಷ್ಟೂ ಪಿಎಚ್ ಕಡಿಮೆ. ಪಿಎಚ್ 4.6ಕ್ಕಿಂತ ಕೆಳಗಿದ್ರೆ ಬಾಟ್ಯುಲಿಸಂ ಅನ್ನೋ ಆಹಾರದ ವಿಷಬಾಧೆ ತರೋ ಬ್ಯಾಕ್ಟೀರಿಯಾ ಬೆಳೆಯಲ್ಲ, ನಮ್ಮದು ಹುಳಿ ಮಿಡಿ ಆದ್ದರಿಂದ ಅದಕ್ಕಿಂತ ತುಂಬ ಕೆಳಗೇ ಬರುತ್ತೆ, ಆದ್ರೂ ನಾನು ಪ್ರತಿ ಬ್ಯಾಚಿಗೂ ಮೀಟರ್ ಹಾಕಿ ನೋಡಿ ಪುಸ್ತಕದಲ್ಲಿ ಬರೆದಿಡ್ತೀನಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಚಿಕ್ಕ ಚಿಕ್ಕ ತರಬೇತಿಗಳಿರ್ತವೆ, ಆಗೋರು ಹೋಗಿ ಬನ್ನಿ, ಅಜ್ಜಿ ಕಾಲದಿಂದ ಮಾಡ್ತಿದ್ದ ಕೆಲಸದ ಹಿಂದಿನ ಕಾರಣ ಅಲ್ಲಿ ಗೊತ್ತಾಗುತ್ತೆ, ಕಾರಣ ಗೊತ್ತಿದ್ರೆ ಹತ್ತು ಕೆಜಿಯಿಂದ ಸಾವಿರ ಕೆಜಿಗೆ ಹೋದಾಗ ಕೈ ನಡುಗಲ್ಲ.

ಜಿಎಸ್‌ಟಿಲಿ ಒಂದು ಸೂಕ್ಷ್ಮ ಇದೆ. ಸರಕು ಮಾರೋರಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷದ ತನಕ ನೋಂದಣಿ ಬೇಡ ಅಂತ ಎಲ್ಲರೂ ಹೇಳ್ತಾರೆ, ಅದು ಹೌದು, ಆದ್ರೆ ಪುಣೆಗೋ ಹೈದರಾಬಾದಿಗೋ ಅಂತ ರಾಜ್ಯದ ಹೊರಗೆ ಮಾರೋಕೆ ಶುರು ಮಾಡಿದ್ರೆ ಮೊದಲ ಬಾಟ್ಲಿಯಿಂದಲೇ ನೋಂದಣಿ ಬೇಕು. ಉಪ್ಪಿನಕಾಯಿಗೆ ಮೊದಲು 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಯ್ತು. ನಮ್ಮಂಥೋರಿಗೆ ಅದರಿಂದ ಸ್ವಲ್ಪ ಉಸಿರಾಡೋ ಹಾಗಾಯ್ತು.

ಸಾಲದ ವಿಷಯ. 2020ರಲ್ಲಿ ಕೇಂದ್ರ ಸರಕಾರ ಪಿಎಂಎಫ್‌ಎಂಇ ಅಂತ ಸ್ಕೀಮ್ ತಂತು, ಚಿಕ್ಕ ಆಹಾರ ಘಟಕಗಳಿಗೆ. ಯೋಜನಾ ವೆಚ್ಚದ 35 ಪರ್ಸೆಂಟ್, 10 ಲಕ್ಷದ ತನಕ ಸಬ್ಸಿಡಿ, ಕರ್ನಾಟಕ ಸರಕಾರ ಅದರ ಮೇಲೆ ಇನ್ನೂ 15 ಪರ್ಸೆಂಟ್ ಸೇರಿಸಿ ಒಟ್ಟು 50 ಪರ್ಸೆಂಟ್, 15 ಲಕ್ಷದ ತನಕ ಮಾಡ್ತು. ರಾಜ್ಯದಲ್ಲಿ ಇದನ್ನ ನೋಡ್ಕೊಳ್ಳೋದು ಕೆಪೆಕ್, ಅಂದ್ರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿಗೆ ಅಂತ ಇರೋ ರಾಜ್ಯ ಸರಕಾರದ ನಿಗಮ. ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಅವರೇ ಪ್ರಾಜೆಕ್ಟ್ ರಿಪೋರ್ಟ್ ಮಾಡೋಕೆ ಸಹಾಯ ಮಾಡ್ತಾರೆ, ನಮಗೆ ಸಿಕ್ಕಿದೋರು ಬಹಳ ಒಳ್ಳೆಯವರು, ಮನೆಗೇ ಬಂದು ಕೂತು ಮಾಡ್ಸಿಕೊಟ್ರು. ನಾವು ಹತ್ತು ಪರ್ಸೆಂಟ್ ಕೈಯಿಂದ ಹಾಕಿ, ಉಳಿದಿದ್ದು ಬ್ಯಾಂಕ್ ಸಾಲ. ಅದರಲ್ಲಿ ಶೆಡ್ಡು, ಡ್ರಮ್ಮುಗಳು, ಸ್ಟೀಲ್ ಟೇಬಲ್ಲು, ಗ್ರೈಂಡರು, ಬಾಟ್ಲಿ ಸೀಲ್ ಮಾಡೋ ಮಶೀನು ಬಂತು. ಆದ್ರೆ ಇಲ್ಲಿ ಎರಡು ವಿಷಯ ಸರಿಯಾಗಿ ತಿಳ್ಕೊಳ್ಳಿ. ಸಬ್ಸಿಡಿ ದುಡ್ಡು ಕೈಗೆ ಬರಲ್ಲ, ಬ್ಯಾಂಕಲ್ಲಿ ಮೂರು ವರ್ಷ ಹಾಗೇ ಕೂತಿರುತ್ತೆ, ಮೂರು ವರ್ಷ ಘಟಕ ಸರಿಯಾಗಿ ನಡೆಸಿ ಕಂತು ಕಟ್ಟಿದ್ರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತೆ. ಎರಡನೇದು, ಆ ಸಾಲ ಮುಖ್ಯವಾಗಿ ಮಶೀನು, ಕಟ್ಟಡಕ್ಕೆ. ಮಾರ್ಚ್ ತಿಂಗಳಲ್ಲಿ ಮಿಡಿ ತಗೊಳ್ಳೋಕೆ ಕ್ಯಾಶ್ ಬೇಕಲ್ಲ, ಅದು ಬೇರೆ ಕಡೆಯಿಂದಲೇ ಬರ್ಬೇಕು. ಮರದ ಯಜಮಾನರಾಗ್ಲಿ ಮರ ಹತ್ತೋರಾಗ್ಲಿ ಅವತ್ತಿನದ್ದು ಅವತ್ತೇ ಕೊಡ್ಬೇಕು, ಅವರಿಗೆ ಮೂವತ್ತು ದಿನದ ಉದ್ರಿ ಅಂತ ಹೇಳೋಕಾಗುತ್ತಾ? ನಾವು ಅಡಿಕೆ ದುಡ್ಡು, ಸೊಸೈಟಿಯ ಬೆಳೆಸಾಲ, ಮತ್ತೆ ಹಳೇ ಗಿರಾಕಿಗಳಿಂದ ಮುಂಗಡ ಇಷ್ಟನ್ನ ಸೇರಿಸ್ಕೊಂಡು ಸೀಸನ್ ದಾಟ್ತೀವಿ. ಮುಂಗಡ ಅಂದ್ರೆ ಜನವರೀಲೇ ಹೇಳಿಬಿಡ್ತೀವಿ, ಈಗ ಕೊಟ್ರೆ ಜುಲೈನಲ್ಲಿ ಮಾಲು, ರೇಟು ಹಳೇದೇ ಅಂತ, ನಂಬಿ ಕೊಡೋ ಮನೆಗಳಿವೆ.

ಈಗ ಒಂದು ಬಾಟ್ಲಿಯ ಲೆಕ್ಕ ಹೇಳ್ತೀನಿ, ಸುತ್ತುಬಳಸಿ ಹೇಳೋದು ನನಗಿಷ್ಟ ಇಲ್ಲ. ಅರ್ಧ ಕೆಜಿಯ ಗಾಜಿನ ಬಾಟ್ಲಿ, ಎಂಆರ್‌ಪಿ 280 ರೂಪಾಯಿ. ಅದರಲ್ಲಿ ಜಿಎಸ್‌ಟಿ 13 ರೂಪಾಯಿ. ಅಂಗಡಿಗೆ ಕೊಟ್ರೆ ಅವರ ಮಾರ್ಜಿನ್ 30 ಪರ್ಸೆಂಟ್, ಅಂದ್ರೆ 84. ಉಳೀತು 183. ಮಿಡಿ 60, ಮೆಣಸು ಸಾಸಿವೆ ಮಸಾಲೆ 28, ಉಪ್ಪು 4, ಬಾಟ್ಲಿ ಮುಚ್ಚಳ ಲೇಬಲ್ 24, ರಟ್ಟಿನ ಡಬ್ಬ 6, ಕೂಲಿ 25. ಒಟ್ಟು 147. ಉಳಿಯೋದು 36 ರೂಪಾಯಿ, ಇದರಲ್ಲಿ ಕರೆಂಟು, ಸಾಲದ ಬಡ್ಡಿ, ಲ್ಯಾಬ್ ಫೀಸು, ಒಡೆದ ಬಾಟ್ಲಿ, ಸಾಗಾಟ ಎಲ್ಲ ಹೋಗ್ಬೇಕು, ನನ್ನ ಸಂಬಳನೂ ಇದರಲ್ಲೇ. ಅಪ್ಪೆ ಮರ ಒಂದು ವರ್ಷ ಚೆನ್ನಾಗಿ ಕಾಯಿ ಬಿಟ್ರೆ ಮರುವರ್ಷ ಕಡಿಮೆ ಬಿಡುತ್ತೆ, ಜನವರೀಲಿ ಮೋಡ ಕವಿದು ಇಬ್ಬನಿ ಬಿದ್ರೆ ಜಿಗಿಹುಳು, ಬೂದಿರೋಗ ಬಂದು ಹೂವೇ ಕರಟಿ ಹೋಗುತ್ತೆ, ಅಂಥ ವರ್ಷ ಮಿಡಿಯ 60 ರೂಪಾಯಿ 100 ಆಗುತ್ತೆ, ಅಂಗಡಿಗೆ ಕೊಟ್ಟಿದ್ರಲ್ಲಿ ಏನೂ ಉಳಿಯಲ್ಲ. ನೇರ ಗಿರಾಕಿಗೆ ಮಾರಿದ್ರೆ ಮಾತ್ರ ಈ ಬಿಸಿನೆಸ್ ಬದುಕುತ್ತೆ. ಈಗ ನಮ್ಮ ಮಾಲಲ್ಲಿ ಮುಕ್ಕಾಲು ಪಾಲು ನೇರ ಮನೆಗಳಿಗೇ ಹೋಗೋದು, ಅಂಗಡಿಗಳು ಬೆರಳೆಣಿಕೆಯಷ್ಟು, ಅದೂ ಕ್ಯಾಶ್ ಕೊಡೋವು.

ಅದಕ್ಕೊಂದು ಕಾರಣ ಇದೆ. ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನವರು ಒಮ್ಮೆ ದೊಡ್ಡ ಆರ್ಡರ್ ಕೊಟ್ರು. ಅರವತ್ತು ದಿನದಲ್ಲಿ ದುಡ್ಡು ಅಂತ ಮಾತು. ಐದು ತಿಂಗಳಾದ್ರೂ ಬರ್ಲಿಲ್ಲ, ಫೋನ್ ಮಾಡಿದ್ರೆ "ಅಕೌಂಟ್ಸ್‌ನವರಿಗೆ ಕಳ್ಸಿದೀವಿ ಮೇಡಂ" ಅಂತ, ಕೊನೆಗೆ ಮಾರಾಟ ಆಗದ ಬಾಟ್ಲಿಗಳನ್ನ ವಾಪಸ್ ಕಳಿಸಿ ಅದರ ಸಾಗಾಟ ಖರ್ಚನ್ನೂ ನಮ್ಮ ಲೆಕ್ಕಕ್ಕೇ ಹಾಕಿದ್ರು. ಅದು ಫೆಬ್ರವರಿ ತಿಂಗಳು, ಮಿಡಿಗೆ ಅಂತ ನಂಬಿಕೊಂಡಿದ್ದ ದುಡ್ಡು ಅದು. ಆಗ ನನ್ನ ಲೆಕ್ಕದ ಹಳೇ ಅನುಭವ ಕೈ ಹಿಡೀತು. ಎಂಎಸ್‌ಎಂಇ ಕಾಯ್ದೆ 2006ರ ಪ್ರಕಾರ ಚಿಕ್ಕ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು, ತಡ ಮಾಡಿದ್ರೆ ಚಕ್ರಬಡ್ಡಿ. ಮೇಲಾಗಿ ಆದಾಯ ತೆರಿಗೆ ಕಾಯ್ದೇಲಿ 43ಬಿ(ಎಚ್) ಅಂತ ಬಂತು, 2023-24ರ ಲೆಕ್ಕಪತ್ರದಿಂದ, ಈ ಗಡುವಿನೊಳಗೆ ಕೊಡದೇ ಇದ್ರೆ ಕೊಂಡೋರು ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ತೋರಿಸಂಗಿಲ್ಲ, ಕೊಟ್ಟ ವರ್ಷ ಮಾತ್ರ. ನಾನು ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ, ಇವೆರಡನ್ನೂ ಬರೆದು, ಬಾಕಿ ದುಡ್ಡಿನ ದೂರಿಗೆ ಅಂತ ಸರಕಾರ ಮಾಡಿದ್ದ ಸಮಾಧಾನ್ ಪೋರ್ಟಲಲ್ಲಿ ದೂರು ಹಾಕ್ತೀನಿ ಅಂತ ಒಂದು ಪತ್ರ ಕಳಿಸ್ದೆ. ಮಾರ್ಚ್ ಮೂವತ್ತೊಂದರ ಒಳಗೆ ದುಡ್ಡು ಬಂತು. ಆವತ್ತಿಂದ ನಮ್ಮ ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರು, 45 ದಿನದ ಸಾಲು ಅಚ್ಚಾಗಿರುತ್ತೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಯಾವುದೇ ಮಾಡೋರು ದಯವಿಟ್ಟು ಇದನ್ನ ಇವತ್ತೇ ಮಾಡ್ಕೊಳ್ಳಿ.

ಪ್ಯಾಕಿಂಗ್ ಬಗ್ಗೆ ಸ್ವಲ್ಪ. ಎಣ್ಣೆ ಇಲ್ಲದ ಉಪ್ಪಿನಕಾಯಿ ತೆಳು ರಸ, ಸೋರೋಕೆ ಸಣ್ಣ ಸಂದಿ ಸಾಕು. ಗಾಜಿನ ಬಾಟ್ಲಿಗೆ ಒಳಗೆ ಇಂಡಕ್ಷನ್ ಸೀಲು, ಮೇಲೆ ಮುಚ್ಚಳ, ಅದರ ಮೇಲೆ ಶ್ರಿಂಕ್ ಕವರ್. ಆದ್ರೂ ಒಂದು ಕೊರಿಯರ್‌ನವರು ಎಸೆಯೋ ರಭಸಕ್ಕೆ ಒಡೆದು ಬಂದಿದ್ದುಂಟು, ಗಿರಾಕಿ ಮನೆ ಬಾಗಿಲಲ್ಲಿ ಕೆಂಪು ರಸ ಸುರಿಯೋ ಡಬ್ಬ. ಅದಕ್ಕೆ ದೂರದೂರಿಗೆ ಈಗ ದಪ್ಪ ಪೌಚ್, ಒಳಗೊಂದು ಹೊರಗೊಂದು. ಬೆಂಗಳೂರು, ಮೈಸೂರಿಗೆ ಸಗಟಾಗಿ ಕಳಿಸೋದಿದ್ರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ, ರಾತ್ರಿ ಬಸ್ಸಿಗೆ ಹಾಕಿದ್ರೆ ಬೆಳಿಗ್ಗೆ ಅಲ್ಲಿರುತ್ತೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಕ್ಕಳಿರೋ ಅಪ್ಪ ಅಮ್ಮಂದಿರು ಹೊರಡೋ ಹಿಂದಿನ ವಾರ ಫೋನ್ ಮಾಡ್ತಾರೆ, "ಚೆಕ್-ಇನ್ ಬ್ಯಾಗಲ್ಲಿ ಸೋರದ ಹಾಗೆ ಮಾಡ್ಕೊಡಿ" ಅಂತ, ಅವರಿಗೆ ರಸ ಕಡಿಮೆ ಹಾಕಿ ವ್ಯಾಕ್ಯೂಮ್ ಪ್ಯಾಕ್. ನಮ್ಮ ಮಳೆಗಾಲದ ವ್ಯಾಪಾರದಲ್ಲಿ ಇದೊಂದು ದೊಡ್ಡ ಪಾಲು, ಶುರು ಮಾಡುವಾಗ ಯಾವ ಪ್ರಾಜೆಕ್ಟ್ ರಿಪೋರ್ಟಲ್ಲೂ ಬರೆದಿರಲಿಲ್ಲ.

ಮೂರು ವರ್ಷದಿಂದ ಒಂದು ಹೊಸ ಕೆಲಸ ಮಾಡ್ತಿದೀನಿ, ಒಂದೊಂದು ಮರದ ಮಿಡಿನ ಬೇರೆ ಬೇರೆ ಡ್ರಮ್ಮಲ್ಲಿ ಇಡೋದು. ಡ್ರಮ್ಮಿಗೆ ಚೀಟಿ, ಮರದ ಹೆಸರು, ಊರು, ಕೊಯ್ದ ದಿನ, ಹತ್ತಿದವರ ಹೆಸರು. ಕೆಲವು ಮರದ್ದು ಕೇವಲ ಎಂಬತ್ತು ತೊಂಬತ್ತು ಬಾಟ್ಲಿ ಆಗುತ್ತೆ, ಅದರ ಲೇಬಲ್ ಮೇಲೆ ಮರದ ಊರಿನ ಹೆಸರು ಹಾಕ್ತೀವಿ. ರೇಟು ಜಾಸ್ತಿ ಇಟ್ರೂ ಅದೇ ಮೊದಲು ಖಾಲಿ ಆಗೋದು. ಜೀರಿಗೆ ಅಪ್ಪೆ ತಿಂದು ರೂಢಿ ಆದೋರು ಕರ್ಪೂರದ್ದು ಬೇಡ ಅಂತಾರೆ, ಕರ್ಪೂರದೋರು ಜೀರಿಗೆ ಮುಟ್ಟಲ್ಲ. ಇದರಿಂದ ಆದ ದೊಡ್ಡ ಲಾಭ ಏನಂದ್ರೆ ಮರದ ಯಜಮಾನರಿಗೆ ಮರದ ಬೆಲೆ ಗೊತ್ತಾಯ್ತು. ಒಬ್ಬರು ಮನೆ ಕಟ್ಟೋಕೆ ಅಂತ ಗದ್ದೆ ಬದೀಲಿದ್ದ ಅಪ್ಪೆ ಮರ ಕಡಿಸೋರಿದ್ರು, ಆ ಮರದ ಮಿಡಿಗೆ ಪೇಟೆ ರೇಟಿನ ಒಂದೂವರೆ ಪಟ್ಟು ನಾನು ಕೊಡ್ತೀನಿ, ಪ್ರತಿ ವರ್ಷ ಕೊಡ್ತೀನಿ ಅಂದ ಮೇಲೆ ಪ್ಲಾನ್ ಹತ್ತಡಿ ಆಚೆ ಸರಿಸಿದ್ರು.

ಊರಿನ ಹಿರಿಯರು ಹೇಳ್ತಿರ್ತಾರೆ, 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದಾಗ ಶರಾವತಿ ದಂಡೆಯ ಎಷ್ಟೆಷ್ಟು ಒಳ್ಳೆ ಅಪ್ಪೆ ಮರ ಮುಳುಗಿ ಹೋದ್ವು ಅಂತ, ಹೆಸರು ಮಾತ್ರ ಉಳಿದಿರೋ ಜಾತಿಗಳಿವೆಯಂತೆ. ಆ ಮರದ ಕಡ್ಡಿ ಯಾರಾದ್ರೂ ತಂದು ಕಸಿ ಕಟ್ಟಿದ್ರೆ ಇವತ್ತು ಇರ್ತಿತ್ತು. ಈಗ ಪರವಾಗಿಲ್ಲ, ಸಾಗರ, ಸಿರಸಿ ಕಡೆ ಕಸಿ ಕಟ್ಟೋದ್ರಲ್ಲಿ ಪಳಗಿದೋರು ಇದ್ದಾರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಅಪ್ಪೆಮಿಡಿ ತಳಿಗಳನ್ನ ಸಂಗ್ರಹಿಸಿ ಉಳಿಸೋ ಕೆಲಸ ಮಾಡಿದಾರೆ. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಮಿಡಿ ಬಿಡೋಕೆ ಶುರು ಮಾಡುತ್ತೆ, ಎತ್ತರಕ್ಕೂ ಹೋಗಲ್ಲ, ನೆಲದಲ್ಲಿ ನಿಂತೇ ಕೊಯ್ಬಹುದು. ಮರ ಹತ್ತೋ ಹುಡುಗರು ಮುಂದೆ ಸಿಗಲ್ಲ ಅನ್ನೋದು ನಮಗೆಲ್ಲ ಗೊತ್ತಿರೋದೇ, ನಮಗೆ ಮಿಡಿ ಕೊಯ್ದು ಕೊಡೋ ಅಣ್ಣನ ಮಗ ಶಿವಮೊಗ್ಗದಲ್ಲಿ ಮೊಬೈಲ್ ಅಂಗಡೀಲಿದ್ದಾನೆ, ಅವನು ಮರ ಹತ್ಲಿ ಅಂತ ಅವರೂ ಹೇಳಲ್ಲ, ನಾನೂ ಹೇಳಲ್ಲ.

ಎಲೆಚುಕ್ಕೆ ಬಂದು ಅಡಿಕೆ ಹೋದ ಜಾಗದಲ್ಲಿ ನಾವು ಕಸಿ ಗಿಡ ಹಾಕಿದೀವಿ, ನಾವು ಮಿಡಿ ತಗೊಳ್ಳೋ ಮರಗಳದ್ದೇ ಕಡ್ಡಿ, ಕಡ್ಡಿ ಕೊಟ್ಟ ಪ್ರತಿ ಮನೆಗೂ ಎರಡೆರಡು ಗಿಡ ವಾಪಸ್ ಕೊಟ್ಟಿದೀವಿ. ಮೊದಲು ಹಾಕಿದ ಸಾಲಲ್ಲಿ ಹೋದ ವರ್ಷ ಹೂವು ಬಂದಿತ್ತು, ಗಿಡ ಬಲಿಯೋ ತನಕ ಕಾಯಿ ಬಿಡೋಕೆ ಬಿಡ್ಬಾರ್ದು ಅಂತ ಅಣ್ಣನೇ ಚಿವುಟಿ ಹಾಕಿದ್ರು. ಈ ಸಲ ಬಿಡ್ತೀವಿ. ಬ್ಯಾಂಕ್ ಮ್ಯಾನೇಜರ್ ಹತ್ರ ಮಾತಾಡಿದೀನಿ, ಫೆಬ್ರವರಿಯಿಂದ ಏಪ್ರಿಲ್ ತನಕ ಮಾತ್ರ ತಗೊಂಡು ಡಿಸೆಂಬರ್ ಒಳಗೆ ತೀರಿಸೋ ಹಾಗೆ ಒಂದು ಓವರ್‌ಡ್ರಾಫ್ಟ್ ಮಾಡ್ಕೊಡಿ ಅಂತ, ಹಿಂದಿನ ಮೂರು ವರ್ಷದ ಖರೀದಿ ಪುಸ್ತಕ, ಜಿಎಸ್‌ಟಿ ರಿಟರ್ನು ಎಲ್ಲ ಕೊಟ್ಟು ಬಂದಿದೀನಿ, ಮುಂದಿನ ವಾರ ಹೇಳ್ತೀನಿ ಅಂದಿದಾರೆ. ಅದಾದ್ರೆ ಈ ವರ್ಷ ಹೊಸನಗರದ ಕಡೆಯ ಇನ್ನೂ ನಾಲ್ಕು ಮರ ಒಪ್ಪಿಕೊಳ್ಳೋದು ಅಂತಿದೆ, ಅದರಲ್ಲಿ ಒಂದು ಒಳ್ಳೇ ಜೀರಿಗೆ.